ಅರ್ಜಿಯ ಇಂಗ್ಲಿಷನ್ನು ನೀವೇ ತಿದ್ದಿಕೊಳ್ಳುವುದು ಹೇಗೆ?

ತುಮಕೂರಿನಲ್ಲಿ ಕೆಲಸದ ಅರ್ಜಿ, ರಜೆ ಚೀಟಿ ಅಥವಾ ಕಂಪನಿಗೆ ಕಳುಹಿಸಬೇಕಾದ ಇ-ಮೇಲ್ ಹಿಡಿದು, ‘ಇದನ್ನೊಮ್ಮೆ ನೋಡಿಕೊಡಿ ಸರ್’ ಎಂದು ನನ್ನ ಬಳಿ ಬರುವವರಲ್ಲಿ ಬಹುಪಾಲು ಮಂದಿ ಪದವಿ ಮುಗಿಸಿದವರು. ಅವರ ಬರಹದಲ್ಲಿ ಸ್ಪೆಲ್ಲಿಂಗ್ ತಪ್ಪು ಈಗ ಅಪರೂಪ. ಅದನ್ನು ಮೊಬೈಲೇ ಸರಿಪಡಿಸಿರುತ್ತದೆ. ಉಳಿಯುವುದು ಕ್ರಿಯಾಪದದ ತಪ್ಪು ಮತ್ತು ಪುಟ್ಟಪುಟ್ಟ ಪದಗಳ ತಪ್ಪು. ಇವುಗಳಲ್ಲಿ ಹೆಚ್ಚಿನವು ಕನ್ನಡದ ರೂಢಿಯಿಂದಲೇ ಹುಟ್ಟುವುದರಿಂದ, ಕನ್ನಡ ಚೆನ್ನಾಗಿ ಬಲ್ಲವರು ಅವನ್ನು ತಾವೇ ಹಿಡಿಯಬಹುದು.

ಮೊದಲ ಹಂತ: ಹೇಳಬೇಕಾದುದನ್ನು ಚಿಕ್ಕ ವಾಕ್ಯಗಳಲ್ಲಿ, ಸಾಧ್ಯವಾದಷ್ಟೂ ವಾಕ್ಯಕ್ಕೊಂದೇ ಕ್ರಿಯಾಪದ ಇರುವಂತೆ ಬರೆದುಕೊಳ್ಳಿ.

ಎರಡನೆಯ ಹಂತ: ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ, ಕಾಲ ಸೂಚಿಸುವ ಪದವಿದ್ದರೆ ಅದರ ಸುತ್ತ ವೃತ್ತ ಹಾಕಿ. ಹತ್ತರಲ್ಲಿ ಎಂಟು ಮಂದಿ ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತದಲ್ಲಿ ಅವಸರ ಮಾಡಬಾರದು.

‘ನಿನ್ನೆ ದೇವರಾಯನದುರ್ಗಕ್ಕೆ ಹೋಗಿದ್ದೆ’ ಎಂಬುದು ಕನ್ನಡದಲ್ಲಿ ತೀರ ಸಹಜವಾದ ಮಾತು. ‘ಹೋದೆ’ ಎನ್ನುವುದಕ್ಕಿಂತ ‘ಹೋಗಿದ್ದೆ’ ಎಂದಾಗ ಹೋಗಿ ಬಂದದ್ದೂ ಆಯಿತು ಎಂಬ ಅರ್ಥ ಸೇರಿಕೊಳ್ಳುತ್ತದೆ. ಈ ‘ಇದ್ದೆ’ಯನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿ ‘ಐ ಹ್ಯಾಡ್ ಗಾನ್ ಟು ದೇವರಾಯನದುರ್ಗ ಯೆಸ್ಟರ್‌ಡೇ’ ಎಂದು ಬರೆಯುವವರೇ ಹೆಚ್ಚು. ಅಲ್ಲಿ ‘ಐ ವೆಂಟ್’ ಸಾಕು. ‘ಹ್ಯಾಡ್’ ಬರಬೇಕಾದರೆ ಹಿಂದೆ ನಡೆದ ಎರಡು ಸಂಗತಿಗಳಿರಬೇಕು, ಒಂದು ಇನ್ನೊಂದಕ್ಕಿಂತ ಮೊದಲೇ ಮುಗಿದಿರಬೇಕು. ದಿನವೂ ಬೆಂಗಳೂರಿಗೆ ಓಡಾಡುವವರಿಗೆ ಈ ಉದಾಹರಣೆ ಸುಲಭವಾಗಿ ಅರ್ಥವಾಗುತ್ತದೆ: ನಾನು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ತಲುಪಿದ್ದಕ್ಕೆ ‘ರೀಚ್ಡ್’, ಅದಕ್ಕೂ ಮೊದಲೇ ರೈಲು ಹೊರಟದ್ದಕ್ಕೆ ‘ಹ್ಯಾಡ್ ಲೆಫ್ಟ್’. ಅರ್ಜಿಯಲ್ಲಿ ಹೋಲಿಕೆಗೆ ಎರಡನೆಯ ಸಂಗತಿ ಇಲ್ಲದಿದ್ದರೆ ‘ಹ್ಯಾಡ್’ ಅನ್ನು ಹೊಡೆದುಹಾಕಿ. ನೂರಕ್ಕೆ ತೊಂಬತ್ತು ಸಲ ಹಾಗೆ ಹೊಡೆದುಹಾಕಿದ್ದೇ ಸರಿಯಾಗಿರುತ್ತದೆ.

ಇನ್ನು ‘ಹ್ಯಾವ್’. ವೃತ್ತ ಹಾಕಿದ ಪದ ‘ಯಾವಾಗ?’ ಎಂಬ ಪ್ರಶ್ನೆಗೆ ಮುಗಿದುಹೋದ ಹೊತ್ತನ್ನು ಉತ್ತರವಾಗಿ ಕೊಡುತ್ತಿದ್ದರೆ, ಅಂದರೆ ‘ನಿನ್ನೆ’, ‘ಕಳೆದ ವಾರ’, ‘2019ರಲ್ಲಿ’, ‘ಎರಡು ತಿಂಗಳ ಹಿಂದೆ’ ಎಂದಿದ್ದರೆ, ಆ ವಾಕ್ಯದಲ್ಲಿ ‘ಹ್ಯಾವ್’ಗೆ ಜಾಗವಿಲ್ಲ. ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2019’ ತಪ್ಪು. ‘ಐ ಕಂಪ್ಲೀಟೆಡ್’ ಸರಿ. ವರ್ಷವನ್ನು ತೆಗೆದರೆ ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ.’ ಕೂಡ ಸರಿಯೇ, ಏಕೆಂದರೆ ಆಗ ನೀವು ಹೇಳುತ್ತಿರುವುದು ಈಗ ನಿಮ್ಮ ಕೈಯಲ್ಲಿರುವ ಪದವಿಯ ಬಗ್ಗೆ. ಹೀಗಿದ್ದರೂ ‘ಆಲ್‌ರೆಡಿ’, ‘ಜಸ್ಟ್’ ಇರುವ ಕಡೆ ಬ್ರಿಟಿಷ್ ರೂಢಿ ‘ಹ್ಯಾವ್’ ಬಯಸುತ್ತದೆ, ಅಮೆರಿಕದವರು ಅದಿಲ್ಲದೆಯೂ ಬರೆಯುತ್ತಾರೆ. ನಿಮ್ಮ ಮೊಬೈಲಿನ ವ್ಯಾಕರಣ ತಿದ್ದುವ ಆ್ಯಪ್ ಒಂದನ್ನು ಬಿಟ್ಟು ಇನ್ನೊಂದನ್ನು ಸೂಚಿಸಿದರೆ ಗಾಬರಿಯಾಗಬೇಡಿ. ಯಾವುದಾದರೂ ಒಂದನ್ನೇ ಹಿಡಿದು ಪೂರ್ತಿ ಪತ್ರ ಬರೆಯಿರಿ.

ಅರ್ಜಿಯಲ್ಲಿ ನಿಜವಾಗಿಯೂ ನಷ್ಟ ತರುವ ತಪ್ಪು ಅನುಭವದ ಸಾಲಿನಲ್ಲಿರುತ್ತದೆ. ‘ಎರಡು ವರ್ಷದಿಂದ ವಸಂತನರಸಾಪುರದಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ‘ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಎಂದು ಬರೆಯುತ್ತಾರೆ. ಒಂದೇ ಸಾಲಿನಲ್ಲಿ ಎರಡು ತಪ್ಪು. ಕನ್ನಡದ ‘ಇಂದ’ ಪ್ರತ್ಯಯ ‘ಎರಡು ವರ್ಷದಿಂದ’ ಎಂಬಲ್ಲಿಯೂ ‘2023ರಿಂದ’ ಎಂಬಲ್ಲಿಯೂ ನಡೆಯುತ್ತದೆ. ಇಂಗ್ಲಿಷ್ ಆ ಎರಡನ್ನೂ ಬೇರೆಬೇರೆ ಮಾಡುತ್ತದೆ. ಅವಧಿ ಹೇಳಿದರೆ ‘ಫಾರ್’, ಆರಂಭವಾದ ದಿನವನ್ನೋ ವರ್ಷವನ್ನೋ ಹೇಳಿದರೆ ‘ಸಿನ್ಸ್’. ಎರಡರಲ್ಲಿಯೂ ಕ್ರಿಯಾಪದ ‘ಹ್ಯಾವ್ ಬೀನ್ ವರ್ಕಿಂಗ್’ ಆಗಬೇಕು. ಇನ್ನು ಆ ಕೆಲಸ ಬಿಟ್ಟಿದ್ದರೆ ‘ಐ ವರ್ಕ್ಡ್ ಫಾರ್ ಟೂ ಇಯರ್ಸ್’ ಎಂದೇ ಬರೆಯಬೇಕು. ‘ಹ್ಯಾವ್’ ಹಾಕಿದಿರೋ, ನೀವು ಇನ್ನೂ ಅಲ್ಲಿಯೇ ಇದ್ದೀರಿ ಎಂದು ಅರ್ಜಿ ನೋಡುವವರು ತಿಳಿಯುತ್ತಾರೆ, ಆಮೇಲೆ ಸಂದರ್ಶನದಲ್ಲಿ ನೋಟಿಸ್ ಅವಧಿ ಎಷ್ಟೆಂದು ಕೇಳಿದಾಗ ಇಬ್ಬರಿಗೂ ಗೊಂದಲವಾಗುತ್ತದೆ.

‘ಐ ಡಿಡ್‌ನಾಟ್ ವೆಂಟ್’ ಎಂದು ಬರೆಯುವವರು ತಮ್ಮ ಕನ್ನಡವನ್ನೇ ನೆನೆಸಿಕೊಂಡರೆ ಸಾಕು. ನಾವು ‘ಹೋಗಲಿಲ್ಲ’ ಎನ್ನುತ್ತೇವೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲ. ನಿಷೇಧ ಬಂದ ಕೂಡಲೇ ಕ್ರಿಯಾಪದ ತನ್ನ ಭೂತಕಾಲದ ರೂಪವನ್ನು ಬಿಟ್ಟುಕೊಡುತ್ತದೆ. ಇಂಗ್ಲಿಷಿನಲ್ಲಿಯೂ ಕಾಲವನ್ನು ‘ಡಿಡ್’ ಹೊರುತ್ತದೆ, ಆದ್ದರಿಂದ ಅದರ ಮುಂದೆ ‘ಗೋ’ ಮಾತ್ರ ನಿಲ್ಲುತ್ತದೆ. ‘ಡಿಡ್’ ಇರುವ ಪ್ರಶ್ನೆಗಳಿಗೂ ಇದೇ ನಿಯಮ.

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್ ಕನ್ನಡ’ ಎಂಬ ತಪ್ಪುಗಳನ್ನು ಮಾತ್ರ ಕನ್ನಡದ ತಲೆಗೆ ಕಟ್ಟಲಾಗದು. ಕನ್ನಡದಲ್ಲಿ ನಾವು ‘ಗೊತ್ತು’ ಎನ್ನುತ್ತೇವೆ, ‘ಇಬ್ಬರು ತಮ್ಮಂದಿರಿದ್ದಾರೆ’ ಎನ್ನುತ್ತೇವೆ. ಇವು ಹರಡಿದ್ದು ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ತೆಳು ಪುಸ್ತಕಗಳಿಂದ ಎಂಬುದು ನನ್ನ ಅನುಮಾನ. ಅವುಗಳಲ್ಲಿ ಹನ್ನೆರಡು ಕಾಲಗಳ ಪಟ್ಟಿಯಿರುತ್ತದೆ, ಆದರೆ ಯಾವ ಕ್ರಿಯಾಪದ ‘ಇಂಗ್’ ಒಪ್ಪುವುದಿಲ್ಲ ಎಂಬ ಒಂದು ಸಾಲು ಇರುವುದಿಲ್ಲ. ಅಂಥ ಪುಸ್ತಕವನ್ನು ದಯವಿಟ್ಟು ಕೊಳ್ಳಬೇಡಿ. ತಿಳಿದಿರುವುದು, ಹೊಂದಿರುವುದು, ನಂಬಿರುವುದು, ಸೇರಿದ್ದಾಗಿರುವುದು ಇವೆಲ್ಲ ಸ್ಥಿತಿಗಳು. ಇವಕ್ಕೆ ಸಾಮಾನ್ಯವಾಗಿ ‘ಇಂಗ್’ ಬೇಡ. ‘ಹ್ಯಾವಿಂಗ್ ಲಂಚ್’ ಸರಿ, ಏಕೆಂದರೆ ಅಲ್ಲಿ ಊಟ ಎಂಬ ಕೆಲಸ ನಡೆಯುತ್ತಿದೆ.

ಮೂರನೆಯ ಹಂತ: ‘ಎ’ ಮತ್ತು ‘ಆ್ಯನ್’ ಪರೀಕ್ಷಿಸಿ. ಇವು ನಿರ್ಧಾರವಾಗುವುದು ಅಕ್ಷರದಿಂದಲ್ಲ, ಉಚ್ಚಾರದಿಂದ. ‘ಯೂನಿವರ್ಸಿಟಿ’ ಯಕಾರದಿಂದ ಆರಂಭವಾಗುವುದರಿಂದ ‘ಎ’; ‘ಅವರ್’ (ಗಂಟೆ) ಸ್ವರದಿಂದ ಆರಂಭವಾಗುವುದರಿಂದ ‘ಆ್ಯನ್’. ನಮ್ಮ ಕಡೆಯ ನಾಲಿಗೆಗೆ ಇಲ್ಲಿ ಎರಡು ವಿಶೇಷ ತೊಡಕುಗಳಿವೆ. ಎಂ.ಎಲ್.ಎ. ಎಂಬುದನ್ನು ನಾವು ‘ಯಮ್ಮೆಲ್ಲೆ’ ಎಂದು ಹೇಳುವುದರಿಂದ ಅದರ ಹಿಂದೆ ‘ಎ’ ಬರೆಯುವುದೇ ಸರಿ ಎನಿಸುತ್ತದೆ. ಇಂಗ್ಲಿಷಿನಲ್ಲಿ ಅದರ ‘ಎಂ’ ಉಚ್ಚಾರ ಸ್ವರದಿಂದ ಆರಂಭವಾಗುವುದರಿಂದ ‘ಆ್ಯನ್’ ಬೇಕು. ‘ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್’ ಹಿಂದೆಯೂ ‘ಆ್ಯನ್’, ಆದರೆ ‘ಪಿಯುಸಿ’ ಹಿಂದೆ ‘ಎ’. ಎರಡನೆಯದು, ‘ಒನ್’ ಎಂದು ಬರೆದು ಹಾಗೆಯೇ ಓದುವ ಅಭ್ಯಾಸ. ಅದರ ಸರಿಯಾದ ಉಚ್ಚಾರ ‘ವನ್’, ಹಾಗಾಗಿ ಒಂದು ವರ್ಷದ ಕೋರ್ಸ್ ‘ಎ ಒನ್ ಇಯರ್ ಕೋರ್ಸ್’ ಆಗುತ್ತದೆ, ‘ಆ್ಯನ್’ ಅಲ್ಲ. ‘ದಿ’ ವಿಷಯಕ್ಕೆ ಬಂದರೆ, ಯಾವುದರ ಮಾತು ಎಂಬುದು ಓದುವವರಿಗೆ ಗೊತ್ತಿದ್ದರೆ ‘ದಿ’, ಮೊದಲ ಸಲ ಹೇಳುತ್ತಿದ್ದರೆ ‘ಎ’. ಅರ್ಜಿಯ ಮಟ್ಟಿಗೆ ಇಷ್ಟೇ ಸಾಕು.

ನಾಲ್ಕನೆಯ ಹಂತ: ‘ಎಸ್’ ಹತ್ತಿದ ನಾಮಪದಗಳನ್ನು ನೋಡಿ. ಇನ್ಫರ್ಮೇಷನ್, ಫರ್ನಿಚರ್, ಎಕ್ವಿಪ್‌ಮೆಂಟ್, ಲಗೇಜ್, ಅಡ್ವೈಸ್, ಹೋಂವರ್ಕ್ ಇವುಗಳಿಗೆ ಬಹುವಚನದ ‘ಎಸ್’ ಇಲ್ಲ. ಅನುಮಾನ ಬಂದರೆ ಇಂಗ್ಲಿಷ್–ಕನ್ನಡ ನಿಘಂಟಿಗಿಂತ, ಭಾಷೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಹೆಚ್ಚು ನೆರವಾಗುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಎಣಿಸಲಾಗುವ ಪದವೋ ಅಲ್ಲವೋ ಎಂಬುದನ್ನು ಅಲ್ಲಿ ಪದದ ಜೊತೆಯಲ್ಲಿಯೇ ಗುರುತು ಹಾಕಿ ತಿಳಿಸಿರುತ್ತಾರೆ.

ಐದನೆಯ ಹಂತ: ಹೆಚ್ಚುವರಿ ಪುಟ್ಟ ಪದಗಳನ್ನು ಕಿತ್ತುಹಾಕಿ. ಕನ್ನಡದಲ್ಲಿ ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ, ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ. ‘ರಿಟರ್ನ್ ಬ್ಯಾಕ್’ನಲ್ಲಿ ‘ಬ್ಯಾಕ್’ ದಂಡ. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಬೇಡ. ಬದಲಿಗೆ ‘ಎಕ್ಸ್‌ಪ್ಲೇನ್ ಮೀ’ ಎಂಬಲ್ಲಿ ‘ಟು’ ಸೇರಬೇಕು, ‘ಗುಡ್ ಇನ್ ಇಂಗ್ಲಿಷ್’ ಎಂಬುದು ‘ಗುಡ್ ಅಟ್’ ಆಗಬೇಕು.

ಪದಗಳ ಆಯ್ಕೆಯಲ್ಲಿ ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ನಿಗದಿಯಾದ ಸಮಯಕ್ಕಿಂತ ಮೊದಲೇ ಇಟ್ಟುಕೊಳ್ಳುವುದು ಎಂಬರ್ಥದ ‘ಪ್ರಿಪೋನ್’ ಪದವನ್ನು ಆಕ್ಸ್‌ಫರ್ಡ್ ನಿಘಂಟೇ ಒಪ್ಪಿಕೊಂಡಿದೆ, ಬೆಂಗಳೂರಿನ ಕಚೇರಿಗೆ ಬರೆಯುವಾಗ ಧಾರಾಳವಾಗಿ ಬಳಸಿ. ಚಿಕ್ಕಪ್ಪನ ಮಗನೋ ಮಗಳೋ ಎಂದು ಸ್ಪಷ್ಟಪಡಿಸದೆ ನಮಗೆ ಸಮಾಧಾನವಾಗದು, ಆದ್ದರಿಂದ ‘ಕಸಿನ್ ಬ್ರದರ್’ ಮಾತಿನಲ್ಲಿ ಇರಲಿ, ಅರ್ಜಿಯಲ್ಲಿ ಬೇಡ. ‘ಪಾಸ್ಡ್ ಔಟ್ ಇನ್ 2020’ ಮಾತ್ರ ಖಂಡಿತ ಬೇಡ. ಹೊರದೇಶದ ಓದುಗರು ಅದನ್ನು ಪ್ರಜ್ಞೆ ತಪ್ಪಿ ಬಿದ್ದರೆಂದು ಓದಿಕೊಳ್ಳಬಹುದು. ‘ಗ್ರಾಜುಯೇಟೆಡ್’ ಎಂದು ಬರೆಯಿರಿ. ‘ಮೈಸೆಲ್ಫ್ ರಮೇಶ್’ ಎಂಬುದರ ಬದಲು ‘ಐ ಆಮ್ ರಮೇಶ್’ ಎಂದರೆ ಮುಗಿಯಿತು.

ಇಷ್ಟೆಲ್ಲ ಏಕೆ, ಕನ್ನಡದಲ್ಲಿ ಹೇಳಿ ಮೊಬೈಲಿನಲ್ಲಿ ಅನುವಾದ ಮಾಡಿಸಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಮಾಡಿಸಿಕೊಳ್ಳಿ, ಆದರೆ ಮೇಲಿನ ಹಂತಗಳನ್ನು ಅದರ ಮೇಲೂ ನಡೆಸಿ. ಅರ್ಜಿಯಲ್ಲಿ ‘ಹ್ಯಾವ್ ವರ್ಕ್ಡ್’ ಎಂದಿದ್ದು ಸಂದರ್ಶನದಲ್ಲಿ ನೀವು ‘ಬಿಟ್ಟೆ’ ಎಂದರೆ ಉತ್ತರ ಹೇಳಬೇಕಾದವರು ನೀವೇ, ಮೊಬೈಲ್ ಅಲ್ಲ.

ಕೊನೆಯ ಹಂತ: ಪತ್ರದ ಅಡಿ. ‘ಡಿಯರ್ ಸರ್’ ಎಂದು ಆರಂಭಿಸಿದ್ದರೆ ‘ಯುವರ್ಸ್ ಫೇತ್‌ಫುಲಿ’, ಹೆಸರು ಹಿಡಿದು ಆರಂಭಿಸಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’ ಎಂಬುದು ಬ್ರಿಟಿಷ್ ಪದ್ಧತಿ, ನಮ್ಮ ಕಚೇರಿಗಳಲ್ಲಿಯೂ ಅದೇ ನಡೆದುಬಂದಿದೆ. ಎರಡರಲ್ಲಿಯೂ ‘ಯುವರ್ಸ್’ ಪದದ ‘ಎಸ್’ ಹಿಂದೆ ಮೇಲ್ಗಡೆ ಅಲ್ಪವಿರಾಮದಂಥ ಚುಕ್ಕೆ ಹಾಕಬೇಡಿ.