ಜೋಡಿಗಳು ಎಲ್ಲಿ ನಿಲ್ಲುತ್ತವೆ: ಬಾಬಿನ್ ಲೇಸ್‌ನ ಎರಡು ಪದ್ಧತಿಗಳಲ್ಲಿ ನನ್ನ ಅನುಭವ

ಬಾಬಿನ್ ಎಂಬ ಚಿಕ್ಕ ಕಡ್ಡಿಗಳಿಗೆ ಸುತ್ತಿದ ನೂಲುಗಳನ್ನು ಗುಂಡುಸೂಜಿಗಳ ಆಸರೆಯಲ್ಲಿ ಹೆಣೆದು ಮಾಡುವ ಬಾಬಿನ್ ಲೇಸ್ ಎಷ್ಟೇ ಸೂಕ್ಷ್ಮವಾಗಿ ಕಂಡರೂ ಅದರಲ್ಲಿ ಕೈ ಮಾಡುವ ಕೆಲಸ ಎರಡೇ. ಗಟ್ಟಿ ದಿಂಬಿನ ಮೇಲೆ ಅಕ್ಕಪಕ್ಕದ ಎರಡು ಬಾಬಿನ್ ಜೋಡಿಗಳ ನಾಲ್ಕು ಎಳೆಗಳಲ್ಲಿ, ನಡುವಿನ ಎಡ ಎಳೆಯನ್ನು ಬಲ ಎಳೆಯ ಮೇಲೆ ದಾಟಿಸುವುದು ಕ್ರಾಸ್. ಪ್ರತಿ ಜೋಡಿಯೊಳಗೆ ಬಲ ಎಳೆಯನ್ನು ಎಡ ಎಳೆಯ ಮೇಲೆ ತರುವುದು ಟ್ವಿಸ್ಟ್. ಕ್ರಾಸ್, ಟ್ವಿಸ್ಟ್, ಕ್ರಾಸ್ ಸೇರಿದರೆ ಕ್ಲಾತ್ ಸ್ಟಿಚ್ ಆಗುತ್ತದೆ. ಅದರಲ್ಲಿ ಒಂದು ಜೋಡಿ ಉಳಿದವುಗಳ ನಡುವೆ ಹೊಕ್ಕಿನಂತೆ ಓಡಾಡುವುದರಿಂದ ನೇಯ್ದ ಬಟ್ಟೆಯ ಹಾಗೆ ಮೈ ತುಂಬಿಕೊಳ್ಳುತ್ತದೆ. ಒಂದು ಕ್ರಾಸ್, ಒಂದು ಟ್ವಿಸ್ಟ್ ಮಾತ್ರ ಇದ್ದರೆ ಹಾಫ್ ಸ್ಟಿಚ್. ಇಲ್ಲಿ ಒಂದೇ ಒಂದು ಎಳೆ ಅಡ್ಡ ಸಾಗಿ, ಮಿಕ್ಕವು ಓರೆಯಾಗಿ ಹರಡಿಕೊಳ್ಳುತ್ತವೆ.

ನಾನು ಈ ಕೆಲಸವನ್ನು ಇಂಗ್ಲೆಂಡಿನಲ್ಲಿ ಕಲಿತೆ. ಅಲ್ಲಿ ಹಾಫ್ ಸ್ಟಿಚ್ ಎಂದರೆ ಮೊದಲು ಕ್ರಾಸ್, ಆಮೇಲೆ ಟ್ವಿಸ್ಟ್. ಮುಂದೆ ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯಲ್ಲಿ, 16ನೆಯ ಶತಮಾನದ ಬಾರ್ಬರಾ ಉಟ್‌ಮನ್ ಅವರ ಹೆಸರಿನೊಂದಿಗೆ ಲೇಸ್ ಉದ್ಯಮವನ್ನು ನೆನೆಯುವ ಆನಾಬರ್ಗ್‌ನ ಸುತ್ತಮುತ್ತ, ಹೆಣೆಯುವವರ ಪಕ್ಕದಲ್ಲಿ ಕುಳಿತಾಗ ಕ್ರಮ ತಲೆಕೆಳಗಾಗಿತ್ತು: ಮೊದಲು ಟ್ವಿಸ್ಟ್, ಆಮೇಲೆ ಕ್ರಾಸ್. ಇಂಗ್ಲೆಂಡಿನ ಕ್ರಮವನ್ನು ತೆರೆದ ಪದ್ಧತಿ ಎಂದೂ ಇದನ್ನು ಮುಚ್ಚಿದ ಪದ್ಧತಿ ಎಂದೂ ಕರೆಯುತ್ತಾರೆ.

ಟೋರ್ಶನ್ ಎಂಬ ಸರಳ ಬಗೆಯ ಲೇಸ್‌ನ ಜಾಲರಿಯನ್ನು ಎರಡೂ ಪದ್ಧತಿಯಲ್ಲಿ ಹೆಣೆದು, ಗುಂಡುಸೂಜಿಗಳನ್ನು ಕಿತ್ತು, ಭೂತಗನ್ನಡಿಯ ಕೆಳಗೆ ಹೋಲಿಸಿದೆ. ಎಳೆಗಳ ಹಾದಿಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬದಲಾಗುವುದು ಗುಂಡುಸೂಜಿಯ ಜಾಗವಷ್ಟೇ: ತೆರೆದ ಪದ್ಧತಿಯಲ್ಲಿ ಅದು ಟ್ವಿಸ್ಟ್ ಆದ ಬಳಿಕ ಮುಂದಿನ ಕ್ರಾಸ್‌ಗೆ ಮೊದಲು ನಿಲ್ಲುತ್ತದೆ, ಮುಚ್ಚಿದ ಪದ್ಧತಿಯಲ್ಲಿ ಕ್ರಾಸ್ ಆದ ಕೂಡಲೇ, ಟ್ವಿಸ್ಟ್‌ಗೆ ಮೊದಲು.

ನಿಜವಾದ ಎಚ್ಚರ ಬೇಕಾಗುವುದು ಜಾಲರಿಯ ನಡುವೆ ಕ್ಲಾತ್ ಸ್ಟಿಚ್‌ನ ವಜ್ರಾಕೃತಿ ಬಂದಾಗ. ತೆರೆದ ಪದ್ಧತಿಯಲ್ಲಿ ಜಾಲರಿಯಿಂದ ಬರುವ ಜೋಡಿ ಟ್ವಿಸ್ಟ್ ಹೊತ್ತೇ ಬರುತ್ತದೆ; ಆದರೆ ವಜ್ರದಿಂದ ಹೊರಡುವಾಗ ಅದು ಬರಿದಾಗಿರುವುದರಿಂದ ಅಲ್ಲಿ ಒಂದು ಟ್ವಿಸ್ಟನ್ನು ನಾವೇ ಸೇರಿಸಬೇಕು. ಮುಚ್ಚಿದ ಪದ್ಧತಿಯಲ್ಲಿ ಇದು ಅದಲುಬದಲು: ಹೊರಡುವ ಜೋಡಿಗೆ ಮುಂದಿನ ಹಾಫ್ ಸ್ಟಿಚ್ಚೇ ಟ್ವಿಸ್ಟ್ ಒದಗಿಸುತ್ತದೆ, ಒಳಬರುವ ಜೋಡಿಗೆ ನಾವು ಸೇರಿಸಬೇಕು. ಸೇರಿಸದಿದ್ದರೆ ವಜ್ರದ ಅಂಚು ಜಾಲರಿಗೆ ಅಂಟಿಕೊಂಡು ಮಸುಕಾಗುತ್ತದೆ. ಹೀಗಾಗಿ ಯಾವ ದೇಶದ ನಕ್ಷೆ ಕೈಗೆ ಬಂದರೂ, ಅದರಲ್ಲಿ ಜೋಡಿಗಳು ಟ್ವಿಸ್ಟ್ ಹೊತ್ತು ನಿಲ್ಲುತ್ತವೆಯೋ ಬರಿದಾಗಿ ನಿಲ್ಲುತ್ತವೆಯೋ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಹೊಲಿಗೆಗಳ ಹೆಸರುಗಳಿಗಿಂತ ಇದು ಹೆಚ್ಚು ಭರವಸೆಯ ದಾರಿ ಎಂಬುದು ನನ್ನ ದೃಢ ಅಭಿಪ್ರಾಯ.

ಬಕಿಂಗ್‌ಹ್ಯಾಮ್‌ಶೈರ್‌ನ ಬಕ್ಸ್ ಪಾಯಿಂಟ್ ಎಂಬ ಇಂಗ್ಲಿಷ್ ಲೇಸ್‌ನ ಜಾಲರಿ ಮಾತ್ರ ನಿಜಕ್ಕೂ ಬೇರೆ ರಚನೆ. ಒಂದು ಕ್ರಾಸ್, ಮೂರು ಟ್ವಿಸ್ಟ್, ಗುಂಡುಸೂಜಿ, ಅಷ್ಟೇ. ಟೋರ್ಶನ್‌ನಂತೆ ಸೂಜಿಯ ಕೆಳಗೆ ಅದೇ ಜೋಡಿಗಳಿಂದ ಇನ್ನೊಂದು ಹೊಲಿಗೆ ಹಾಕಿ ಅದನ್ನು ಮುಚ್ಚುವುದಿಲ್ಲ. ಸೂಜಿಯನ್ನು ಹಿಡಿದಿಡುವ ಹೊಲಿಗೆ ಇಲ್ಲದ ಕಾರಣ ಜೋಡಿಗಳನ್ನು ಪ್ರತಿ ಸಾಲಿನಲ್ಲೂ ಸಮನಾಗಿ ಎಳೆದಿಡಬೇಕು.

ಉಪಕರಣವೂ ಕೈಯನ್ನು ತಿದ್ದುತ್ತದೆ. ಇಂಗ್ಲೆಂಡಿನ ಮಧ್ಯಭಾಗದ ಬಾಬಿನ್‌ಗಳ ತುದಿಗೆ ಮಣಿಗಳ ಬಳೆ ಇರುತ್ತದೆ. ಅದರ ತೂಕ ನೂಲನ್ನು ಬಿಗಿಯಾಗಿಟ್ಟು ಬಾಬಿನ್ ಉರುಳದಂತೆ ತಡೆಯುವುದರಿಂದ, ಅಂಗೈ ಕೆಳಮುಖವಾಗಿ ಹೆಣೆಯಲು ಅನುಕೂಲ. ಡೆವನ್‌ನ ಹಾನಿಟನ್ ಲೇಸ್‌ನಲ್ಲಿ ಹೂವು, ಎಲೆಗಳನ್ನು ಬಿಡಿಬಿಡಿಯಾಗಿ ಹೆಣೆದು ಕೂಡಿಸುವಾಗ ಬಾಬಿನ್ ಚಿಕ್ಕ ಕುಣಿಕೆಯೊಳಗೆ ತೂರಬೇಕಾಗುತ್ತದೆ, ಆದ್ದರಿಂದ ಅಲ್ಲಿಯವು ಮಣಿಯಿಲ್ಲದ, ನುಣುಪಾದ, ಚೂಪು ತುದಿಯ ಕಡ್ಡಿಗಳು. ಎರ್ಟ್ಸ್‌ಗೆಬಿರ್ಗೆಯಲ್ಲಿ ಉರುಳೆದಿಂಬು ಬಳಸುತ್ತಾರೆ. ನೂಲಿನ ಭಾಗಕ್ಕೆ ಮರದ ಕೊಳವೆ ತೊಡಿಸಿದ ಬಾಬಿನ್‌ಗಳು ದಿಂಬಿನಿಂದ ಜೋತುಬಿದ್ದಿರುತ್ತವೆ, ಅವುಗಳನ್ನು ಅಂಗೈ ಮೇಲ್ಮುಖವಾಗಿ ಹಿಡಿದು ಬೆರಳುಗಳ ನಡುವೆ ಹೊರಳಿಸಬೇಕು. ಸ್ಲೊವೇನಿಯದ ಇಡ್ರಿಯಾದಲ್ಲಿಯೂ ಉರುಳೆದಿಂಬೇ. ಅಲ್ಲಿನ ಲೇಸ್ ಶಾಲೆ 1876ರಿಂದ ನಡೆಯುತ್ತಿದೆ.

ನಕ್ಷೆ ಓದಲು ಬೆಲ್ಜಿಯಂನ ಬಣ್ಣದ ಸಂಕೇತ ನನಗೆ ಬಹಳ ನೆರವಾಗಿದೆ: ನೇರಳೆ ಗೆರೆ ಕ್ಲಾತ್ ಸ್ಟಿಚ್, ಹಸಿರು ಹಾಫ್ ಸ್ಟಿಚ್, ಕೆಂಪು ಕ್ರಾಸ್-ಟ್ವಿಸ್ಟ್ ಎರಡು ಬಾರಿ. ಇನ್ನು ಬಟ್ಟೆಗೆ ಹೊಲಿಯುವ ನೇರ ಅಂಚನ್ನು ಇಂಗ್ಲಿಷರು ಬಲಕ್ಕಿಟ್ಟರೆ ಯುರೋಪಿನ ಮುಖ್ಯಭೂಮಿಯವರು ಎಡಕ್ಕಿಡುತ್ತಾರೆ. ಸರಳ ಟೋರ್ಶನ್ ಅಂಚುಪಟ್ಟಿಯಾದರೆ ನಕ್ಷೆಯನ್ನು ತಲೆಕೆಳಗಾಗಿ ತಿರುಗಿಸಿ ಇನ್ನೊಂದು ತುದಿಯಿಂದ ಆರಂಭಿಸುತ್ತೇನೆ. ಮೇಲು-ಕೆಳಗು ಉಳ್ಳ ವಿನ್ಯಾಸವಾದರೆ ನಕ್ಷೆಯನ್ನು ಬದಲಿಸದೆ ಅಂಚನ್ನು ಎಡಗಡೆಯಲ್ಲೇ ಹೆಣೆಯುತ್ತೇನೆ.