ಅಮೆರಿಕದ ಮನೆಯ ಬಿಸಿನೀರಿನ ಟ್ಯಾಂಕ್: ಹೊಸದಾಗಿ ಬಂದವರಿಗೆ

ಊರಿನಲ್ಲಿ ಸ್ನಾನಕ್ಕೆ ಕಾಲು ಗಂಟೆ ಮೊದಲು ಗೀಸರ್ ಹಾಕಿ, ಸ್ನಾನ ಮುಗಿದ ಕೂಡಲೇ ಆರಿಸುವುದು ನಮಗೆಲ್ಲ ರೂಢಿ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಅನೇಕರು ಇಲ್ಲಿಯೂ ಅದೇ ಸ್ವಿಚ್ ಹುಡುಕುತ್ತಾರೆ. ಸಿಗದೆ ಹೋದರೆ ಬ್ರೇಕರ್ ಪೆಟ್ಟಿಗೆ ತೆರೆದು ದಿನಕ್ಕೆರಡು ಸಲ ಹೀಟರಿನ ಬ್ರೇಕರನ್ನೇ ಹಾಕಿ ತೆಗೆಯಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಬ್ರೇಕರ್ ಇರುವುದು ಅಪಾಯವಾದಾಗ ತಾನೇ ಬೀಳಲಿಕ್ಕೆ. ದಿನಾ ಆಡಿಸಿದರೆ ಸವೆಯುತ್ತದೆ. ಟ್ಯಾಂಕಿಗೆ ದಪ್ಪ ಫೋಮ್ ಹೊದಿಕೆ ಇರುವುದರಿಂದ ಇದರಿಂದ ಉಳಿಯುವ ಹಣವೂ ಅಲ್ಪ.

ಊರಿನ ಗೀಸರ್ 15 ಅಥವಾ 25 ಲೀಟರಿನದು. ಇಲ್ಲಿನ ಟ್ಯಾಂಕ್ 40 ಅಥವಾ 50 ಗ್ಯಾಲನ್, ಅಂದರೆ 150ರಿಂದ 190 ಲೀಟರ್. ಗ್ಯಾರೇಜಿನಲ್ಲೋ ಬೇಸ್‌ಮೆಂಟಿನಲ್ಲೋ ನಿಂತು ಹಗಲೂ ರಾತ್ರಿ ಬಿಸಿಯಾಗಿರುತ್ತದೆ. ಹಂಡೆಯ ಕಾಲದಲ್ಲಿ ಒಲೆಗೆ ಸೌದೆ ಒಟ್ಟಿದವರು ಯಾರು, ತಮ್ಮ ಸ್ನಾನವಾದ ಮೇಲೆ ಮುಂದಿನವರಿಗೆ ನೀರು ತುಂಬಿಸಿಟ್ಟವರು ಯಾರು ಎಂದು ಮನೆಗೆಲ್ಲ ಗೊತ್ತಿರುತ್ತಿತ್ತು. ಇಲ್ಲಿ ಬಿಸಿನೀರು ಗೋಡೆಯೊಳಗಿಂದ ಬರುತ್ತದೆ, ಅದನ್ನು ನೋಡಿಕೊಳ್ಳುವುದು ಯಾರ ಪಾಲಿಗೂ ಬರುವುದಿಲ್ಲ. ಹತ್ತು ವರ್ಷ ಒಂದೇ ಮನೆಯಲ್ಲಿದ್ದೂ ತಣ್ಣೀರು ಒಳಹೋಗುವ ವಾಲ್ವ್ ಎಲ್ಲಿದೆ ಎಂದು ತಿಳಿಯದವರಿದ್ದಾರೆ. ಟ್ಯಾಂಕ್ ಒಡೆದು ಕಾರ್ಪೆಟ್ ನೆನೆಯುವಾಗ ಮೊದಲು ಬೇಕಾಗುವುದು ಅದೇ ವಾಲ್ವ್. ಸಾಮಾನ್ಯವಾಗಿ ಟ್ಯಾಂಕಿನ ತಲೆಯ ಮೇಲೆ ಬಲಗಡೆಯ ಪೈಪಿನಲ್ಲಿರುತ್ತದೆ. ಮಕ್ಕಳಿಗೂ ತೋರಿಸಿಡಿ.

ಬಾಡಿಗೆ ಮನೆಯಾದರೆ ರಿಪೇರಿ ಮಾಲೀಕರದು. ಫೋಟೊ ಸಹಿತ ಇಮೇಲ್ ಕಳಿಸಿ. ಸ್ವಂತ ಮನೆಯಾದರೆ ಹೊಸ ಟ್ಯಾಂಕ್ ಹಾಕಿಸಲು ಬಹುತೇಕ ಊರುಗಳಲ್ಲಿ ಪರ್ಮಿಟ್ ಬೇಕು.

ಶಾಖವನ್ನು 120 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 49 ಸೆಲ್ಸಿಯಸ್ಸಿಗೆ ಇಡಿ. 140 ಡಿಗ್ರಿಯ ನೀರು ಸುಮಾರು 5 ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. 120ರಲ್ಲಿ ಕೈ ಹಿಂದೆಗೆದುಕೊಳ್ಳಲು ಕೆಲವು ನಿಮಿಷಗಳಷ್ಟು ಅವಕಾಶವಿದೆ. 120ಕ್ಕಿಂತ ತೀರಾ ಕೆಳಗಿಳಿಸಲೂ ಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶಾಖ ಹೊಂದಿಸುವ ಗುಂಡಿಯ ಮೇಲಿನ ಗುರುತನ್ನು ನಂಬದೆ ಅಡುಗೆಮನೆಯ ಬಿಸಿ ನಲ್ಲಿಯನ್ನು ಎರಡು ಮೂರು ನಿಮಿಷ ಬಿಟ್ಟು ಲೋಟದಲ್ಲಿ ಹಿಡಿದು ಥರ್ಮಾಮೀಟರಿನಿಂದ ನೋಡಿ. ಊರಿನಿಂದ ಅಪ್ಪ ಅಮ್ಮ ಬಂದ ದಿನವೇ ಒಂಟಿ ಹಿಡಿಯ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ಬಿಸಿ ಎಂದು ತೋರಿಸಿ. ಅವರು ಬಕೆಟ್ ಸ್ನಾನವನ್ನೇ ಇಷ್ಟಪಟ್ಟರೆ ಮೊದಲು ತಣ್ಣೀರು, ಮೇಲೆ ಬಿಸಿನೀರು. ಎಣ್ಣೆಸ್ನಾನಕ್ಕೆ ಸುಡುನೀರೇ ಬೇಕೆಂದು ಹಿರಿಯರು ಹೇಳಿದರೂ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಟ್ಯಾಂಕಿನ ಶಾಖ ಏರಿಸಬೇಡಿ.

ಇನ್ನು ಕೆಡುವ ವಿಚಾರ. ವಿದ್ಯುತ್ ಹೀಟರಿನಲ್ಲಿ ನೀರು ಕಾಯಿಸುವ ಎಲಿಮೆಂಟ್ ಮೇಲೊಂದು, ಕೆಳಗೊಂದು ಇರುತ್ತವೆ, ಹೆಚ್ಚಾಗಿ 4500 ವ್ಯಾಟಿನವು. ನೀರು ಪೂರ್ತಿ ತಣ್ಣಗಿದ್ದರೆ ಮೊದಲು ಬ್ರೇಕರ್ ನೋಡಿ, ಆಮೇಲೆ ಶಾಖ ನಿಯಂತ್ರಿಸುವ ಮೇಲಿನ ಥರ್ಮೋಸ್ಟಾಟ್ ಬಳಿಯ ಕೆಂಪು ರೀಸೆಟ್ ಗುಂಡಿ. ಎರಡೂ ಸರಿಯಿದ್ದರೆ ಮೇಲಿನ ಎಲಿಮೆಂಟ್ ಅಥವಾ ಥರ್ಮೋಸ್ಟಾಟ್. ಮೊದಲನೆಯವರ ಸ್ನಾನದ ಮಧ್ಯದಲ್ಲೇ ಬಿಸಿನೀರು ಮುಗಿದರೆ ಕೆಳಗಿನ ಎಲಿಮೆಂಟ್. ನೀರು ಸದಾ ಉಗುರುಬೆಚ್ಚಗೇ ಬರುತ್ತಿದ್ದರೆ ತಣ್ಣೀರನ್ನು ತಳಕ್ಕೆ ಒಯ್ಯುವ ಪ್ಲಾಸ್ಟಿಕ್ ಕೊಳವೆ ಮುರಿದು, ತಣ್ಣೀರು ಮೇಲೆಯೇ ಬಿಸಿನೀರಿಗೆ ಬೆರೆಯುತ್ತಿರಬಹುದು. ಕೆಂಪು ಗುಂಡಿ ಮತ್ತೆ ಮತ್ತೆ ಹಾರುತ್ತಿದ್ದರೆ ಒತ್ತುತ್ತಲೇ ಕೂರಬೇಡಿ. ನೀರು ಮಿತಿಮೀರಿ ಕಾಯುತ್ತಿದೆ ಎಂದು ಅದರರ್ಥ.

ಮಲ್ಟಿಮೀಟರ್ ಹಿಡಿಯಲು ಬರುವವರು ಎಲಿಮೆಂಟನ್ನು ತಾವೇ ಪರೀಕ್ಷಿಸಬಹುದು. ಒಂದು ಎಚ್ಚರಿಕೆ ಮಾತ್ರ: ಊರಿನಂತೆ ಒಂದು ಫೇಸ್, ಒಂದು ನ್ಯೂಟ್ರಲ್ ಇಲ್ಲಿಲ್ಲ. ಹೀಟರಿಗೆ ಬರುವ ಎರಡೂ ತಂತಿಗಳಲ್ಲಿ ತಲಾ 120 ವೋಲ್ಟ್ ಇರುತ್ತದೆ, ಎರಡೂ ಹೊಡೆಯುತ್ತವೆ. ಜೋಡಿ ಬ್ರೇಕರ್ ಇಳಿಸಿ, ಮುಚ್ಚಳ ತೆಗೆದು, ಎರಡೂ ತಂತಿಗಳನ್ನು ಟೆಸ್ಟರಿನಿಂದ ನೋಡಿದ ಮೇಲೆಯೇ ಮುಟ್ಟಿ. ತಂತಿ ಬಿಚ್ಚಿ ಎಲಿಮೆಂಟಿನ ಎರಡು ಸ್ಕ್ರೂಗಳ ನಡುವೆ ಅಳೆದರೆ 4500 ವ್ಯಾಟಿನದಕ್ಕೆ 13 ಓಮ್ ಆಸುಪಾಸು ಬರಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಸ್ಕ್ರೂ ಮತ್ತು ಟ್ಯಾಂಕಿನ ಲೋಹದ ನಡುವೆ ಸಂಪರ್ಕ ಕಂಡರೆ ಎಲಿಮೆಂಟಿನ ಹೊರಕವಚ ಒಡೆದಿದೆ. ಅಂಥದ್ದು ಥರ್ಮೋಸ್ಟಾಟ್ ನಿಲ್ಲಿಸಿದ ಮೇಲೂ ಒಂದೇ ತಂತಿಯಿಂದ ಕಾಯುತ್ತಲೇ ಇರಬಲ್ಲದು. ಬದಲಿಸಲು ಒಂದೂವರೆ ಇಂಚಿನ ಎಲಿಮೆಂಟ್ ಪಾನಾ, ಹೊಸ ವಾಷರ್ ಬೇಕು; ಅದಕ್ಕೂ ಮೊದಲು ಟ್ಯಾಂಕ್ ಖಾಲಿ ಮಾಡಬೇಕು.

ಗ್ಯಾಸ್ ಹೀಟರಿನಲ್ಲಿ ಬರ್ನರ್ ಹೊತ್ತಿಸುವ ಪುಟ್ಟ ಪೈಲಟ್ ಜ್ವಾಲೆ ಹೊತ್ತಿಕೊಂಡು, ಗುಂಡಿ ಬಿಟ್ಟ ತಕ್ಷಣ ಆರಿದರೆ ಜ್ವಾಲೆ ಇದೆಯೇ ಎಂದು ಗುರುತಿಸುವ ಥರ್ಮೋಕಪಲ್ ಸವೆದಿರುವ ಸಾಧ್ಯತೆ ಹೆಚ್ಚು; ಬಿಡಿಭಾಗ ಅಗ್ಗ. ಹೊಸ ಮಾದರಿಗಳಲ್ಲಿ ಒಂದು ಪುಟ್ಟ ದೀಪ ಮಿನುಗುತ್ತದೆ, ಎಷ್ಟು ಸಲ ಮಿನುಗಿದರೆ ಏನು ದೋಷವೆಂದು ಮೈಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ಹೀಟರ್ ಪಕ್ಕದಲ್ಲಿ ಪೆಟ್ರೋಲ್ ಡಬ್ಬಿ, ಪೇಂಟ್ ಥಿನ್ನರ್ ಇಡಬೇಡಿ. ಅವುಗಳ ಆವಿ ನೆಲದ ಮಟ್ಟದಲ್ಲಿ ಹರಿದು ಜ್ವಾಲೆಯನ್ನು ಮುಟ್ಟುತ್ತದೆ. ಮಲಗುವ ಕೋಣೆಗಳ ಹತ್ತಿರ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿನ ಅಲಾರಂ ಇರಲೇಬೇಕು.

ಟ್ಯಾಂಕಿನಿಂದ ಗುಳುಗುಳು, ಪಟಪಟ ಸದ್ದು ಬಂದರೆ ತಳದಲ್ಲಿ ಸುಣ್ಣದ ಗಸಿ ಕೂತಿದೆ. ಬೋರ್‌ವೆಲ್ ನೀರಿಗೆ ಬೆಂಗಳೂರಿನ ಗೀಸರ್ ಕಾಯಿಲ್ ಬೆಳ್ಳಗಾಗುತ್ತದಲ್ಲ, ಅದೇ ಸುಣ್ಣ. ವರ್ಷಕ್ಕೊಮ್ಮೆ ತೊಳೆದರೆ ಸಾಕು. ಬ್ರೇಕರ್ ಇಳಿಸಿ, ಗ್ಯಾಸ್ ಆದರೆ ಗುಂಡಿಯನ್ನು ಪೈಲಟ್‌ಗೆ ತಿರುಗಿಸಿ. ನೀರು ಆರಲು ಬಿಡಿ. ತಣ್ಣೀರಿನ ವಾಲ್ವ್ ಮುಚ್ಚಿ, ತಳದ ನಲ್ಲಿಗೆ ತೋಟದ ಪೈಪ್ ಸಿಕ್ಕಿಸಿ ಅದರ ತುದಿಯನ್ನು ಹೊರಗೆ ಬಿಡಿ, ಗಾಳಿ ಒಳಬರಲು ಮನೆಯ ಒಂದು ಬಿಸಿ ನಲ್ಲಿ ತೆರೆದಿಡಿ. ಖಾಲಿಯಾದ ಮೇಲೆ ತಣ್ಣೀರನ್ನು ಸ್ವಲ್ಪ ಸ್ವಲ್ಪ ಬಿಟ್ಟು, ತಿಳಿನೀರು ಬರುವ ತನಕ ತೊಳೆಯಿರಿ. ಆಮೇಲೆ ತಳದ ನಲ್ಲಿ ಮುಚ್ಚಿ ಟ್ಯಾಂಕ್ ತುಂಬಿಸಿ. ಬಿಸಿ ನಲ್ಲಿಯಲ್ಲಿ ಗಾಳಿ ನಿಂತು ನೀರು ಒಂದೇ ಧಾರೆಯಾಗಿ ಬರುವ ತನಕ ಬ್ರೇಕರ್ ಹಾಕಲೇಬೇಡಿ. ನೀರಿಲ್ಲದ ಎಲಿಮೆಂಟ್ ಕ್ಷಣಗಳಲ್ಲಿ ಸುಡುತ್ತದೆ. ಮನೆಯವರೇ ತೊಳೆಯಲು ಹೋಗಿ ಕೆಡಿಸುವುದು ಹೆಚ್ಚಾಗಿ ಹೀಗೆ. ತಳದ ಪ್ಲಾಸ್ಟಿಕ್ ನಲ್ಲಿ ಕೆಲವೊಮ್ಮೆ ಪೂರ್ತಿ ಮುಚ್ಚುವುದಿಲ್ಲ, ಒಂದು ಹಿತ್ತಾಳೆಯ ಮುಚ್ಚಳ ತಂದಿಟ್ಟುಕೊಂಡಿರಿ.

ಟ್ಯಾಂಕಿನೊಳಗೆ ಆನೋಡ್ ಎಂಬ ಮೆಗ್ನೀಸಿಯಮ್ ಅಥವಾ ಅಲ್ಯೂಮಿನಿಯಮ್ ಸಲಾಕೆ ಇದೆ. ಉಕ್ಕಿನ ಬದಲು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಹಿತ್ತಾಳೆ ಪಾತ್ರೆಗೆ ಆಗಾಗ ಕಲಾಯಿ ಹಾಕಿಸುತ್ತಿದ್ದೆವಲ್ಲ, ಹಾಗೆ ಇದನ್ನೂ ಎರಡು ಮೂರು ವರ್ಷಕ್ಕೊಮ್ಮೆ ನೋಡಬೇಕು. ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಬೇಕು. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೆಗ್ನೀಸಿಯಮ್ ತೆಗೆದು ಅಲ್ಯೂಮಿನಿಯಮ್-ಸತುವಿನ ಸಲಾಕೆ ಹಾಕಿಸಿ ನೋಡಿ. ಟ್ಯಾಂಕಿನ ಮೈಯೇ ಸೋರುತ್ತಿದ್ದರೆ ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಸೇಫ್ಟಿ ವಾಲ್ವ್. ಒತ್ತಡ 150 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಥವಾ ಶಾಖ 210 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಹನಿಯುತ್ತಿದೆ ಎಂದು ಅದರ ಪೈಪಿಗೆ ಬಿರಡೆ ಹಾಕಿದರೆ ಟ್ಯಾಂಕ್ ಸಿಡಿದು ಮನೆಯನ್ನೇ ಕೆಡವಬಹುದು. ಹನಿಯಲು ಸಾಮಾನ್ಯ ಕಾರಣ, ಕಾದ ನೀರು ಹಿಗ್ಗುವುದು: 50 ಗ್ಯಾಲನ್ ತಣ್ಣೀರು 120 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 2 ಲೀಟರ್ ಹೆಚ್ಚಾಗುತ್ತದೆ. ಆ ಹೆಚ್ಚಿನ ನೀರಿಗೆ ಹಿಂದಕ್ಕೆ ಬೀದಿಯ ಪೈಪಿಗೆ ಹೋಗಲು ದಾರಿ ಇಲ್ಲದ ಮನೆಗಳಲ್ಲಿ ಅದನ್ನು ಹಿಡಿದಿಡುವ ಪುಟ್ಟ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಬೇಕು. ಮನೆಗೆ ಬರುವ ನೀರಿನ ಒತ್ತಡವನ್ನೂ ಹೊರಗಿನ ನಲ್ಲಿಗೆ ಗೇಜ್ ಹಾಕಿ ನೋಡಿ. 80 ಪಿಎಸ್‌ಐ ಮೀರಿದ್ದರೆ ಒತ್ತಡ ಇಳಿಸುವ ವಾಲ್ವ್ ಹಾಕಿಸಿ.

ಟ್ಯಾಂಕ್ ತೊಳೆಯಲು ದೀಪಾವಳಿಯ ನೀರು ತುಂಬುವ ಹಬ್ಬದ ದಿನವೇ ಸರಿಯಾದದ್ದು ಎನ್ನುವುದು ನನ್ನ ಅಭಿಪ್ರಾಯ. ಊರಿನಲ್ಲಿ ಅಂದು ಹಂಡೆ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತಿದ್ದರು. ಇಲ್ಲಿ ಬೆಳೆದ ಮಕ್ಕಳಿಗೆ ಅದನ್ನು ಬಾಯಲ್ಲಿ ಹೇಳಿದರೆ ಅರ್ಥವಾಗುವುದು ಕಷ್ಟ. ಪೈಪ್ ಹಿಡಿದು ಗಸಿ ಹೊರಬರುವುದನ್ನು ನೋಡಲಿ, ಮರುದಿನದ ಎಣ್ಣೆಸ್ನಾನದ ನೀರು ಎಲ್ಲಿಂದ ಬಂತೆಂದು ಅವರಿಗೆ ತಿಳಿದಿರುತ್ತದೆ.

ರಜೆಗೆ ಊರಿಗೆ ಹೊರಡುವಾಗ ವಿದ್ಯುತ್ ಹೀಟರಿನ ಬ್ರೇಕರ್ ಇಳಿಸಿ, ಗ್ಯಾಸ್ ಆದರೆ 'ವೆಕೇಶನ್' ಗುರುತಿಗೆ ತಿರುಗಿಸಿ, ನೀರಿನ ಮುಖ್ಯ ವಾಲ್ವ್ ಮುಚ್ಚಿ. ಎರಡು ವಾರಕ್ಕಿಂತ ಹೆಚ್ಚು ಬಳಸದ ಟ್ಯಾಂಕಿನಲ್ಲಿ ಹೈಡ್ರೋಜನ್ ಅನಿಲ ಸೇರಿಕೊಳ್ಳಬಹುದು, ಅದು ಹೊತ್ತಿಕೊಳ್ಳುವಂಥದ್ದು. ಹಿಂದಿರುಗಿದಾಗ ಮುಖ್ಯ ವಾಲ್ವ್ ತೆರೆದು ಅಡುಗೆಮನೆಯ ಬಿಸಿ ನಲ್ಲಿಯನ್ನು ಕೆಲವು ನಿಮಿಷ ಬಿಡಿ. ಗಾಳಿ ನುಗ್ಗುವ ಸದ್ದು ಪೂರ್ತಿ ನಿಲ್ಲುವ ತನಕ ಡಿಶ್‌ವಾಷರ್ ಹಾಕಬೇಡಿ, ಒಲೆ ಹೊತ್ತಿಸಬೇಡಿ, ದೇವರ ದೀಪವನ್ನೂ ಹಚ್ಚಬೇಡಿ.