ಎರಡೂ ಕಡೆ ಕೋಡಿನ ಎತ್ತು

ನಾಲ್ಕು ವರ್ಷದ ಹುಡುಗ ಮಾಡಿದ ಮಣ್ಣಿನ ಎತ್ತಿಗೆ ಬಾಲ ಇರಲಿಲ್ಲ. ಅದರ ಬದಲು ಹಿಂದೆಯೂ ಎರಡು ಕೋಡು. ನಾನು ಸುಮ್ಮನಿರಬೇಕಿತ್ತು. ಹಿಂದಿನ ಕೋಡು ಕಿತ್ತು, ಬೆರಳಿಗೆ ನೀರು ಹಚ್ಚಿ ತೀಡಿ, ಚೆಂದದ ಬಾಲ ಮಾಡಿಕೊಟ್ಟೆ. ಮನೆಗೆ ಹೋಗುವಾಗ ಅವನು ಎತ್ತನ್ನು ಅಲ್ಲೇ ಬಿಟ್ಟು ಹೊರಟ. ‘ಯಾಕೋ, ಒಯ್ಯಂಗಿಲ್ಲೇನು?’ ಅಂದೆ. ‘ಅದು ನಿಮ್ಮದ್ರಿ ಅಕ್ಕೋರ, ನಂದಲ್ಲ’ ಅಂದ.

ನಾನು ಧಾರವಾಡ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮೂರರಿಂದ ಆರು ವರ್ಷದ ಮಕ್ಕಳು ನಮ್ಮಲ್ಲಿ ಬರುತ್ತಾರೆ. ಕೊಂಡು ತಂದ ಆಟಿಕೆ ಎಷ್ಟು ದಿನ ಬಾಳುತ್ತವೆ ಹೇಳಿ? ಹಾಗಾಗಿ ಕೈಗೆ ಸಿಕ್ಕಿದ್ದರಲ್ಲೇ ಮಕ್ಕಳ ಜೊತೆ ಕೂತು ಮಾಡುವುದು ರೂಢಿಯಾಯಿತು.

ಮೊದಲು ಮಣ್ಣಿನ ಮಾತು. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ. ನಮ್ಮ ಕಡೆ ಮಣ್ಣಾಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಸುತ್ತ ಇರುವುದು ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಎರಿ ಮಣ್ಣು ಹಸಿ ಇದ್ದಾಗ ಬೆಣ್ಣೆಯ ಹಾಗೆ ಕೇಳುತ್ತದೆ, ಒಣಗಿದರೆ ಕುಗ್ಗಿ ಸೀಳು ಬಿಡುತ್ತದೆ. ಮೊದಲ ವರ್ಷ ಹದಿನಾಲ್ಕು ಎತ್ತು ಬಿಸಿಲಿಗೆ ಇಟ್ಟಿದ್ದೆವು. ಸಂಜೆಗೆ ಒಂದರ ಕಾಲೂ ನೆಟ್ಟಗೆ ಉಳಿಯಲಿಲ್ಲ.

ದಾರಿ ತೋರಿಸಿದ್ದು ನಮ್ಮ ಆಯಾ. ಮಣ್ಣು ಕುಟ್ಟಿ, ಜರಡಿ ಹಿಡಿದು, ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ನಾಲ್ಕು ಬೊಗಸೆ ಮಣ್ಣಿಗೆ ಒಂದು ಬೊಗಸೆ ಸಣ್ಣ ಉಸುಕು, ಒಂದು ಹಿಡಿ ಹಿಂಜಿದ ಅರಳೆ ಹಾಕಿ ತುಳಿಯಬೇಕು. ತುಳಿಯುವ ಕೆಲಸ ಮಕ್ಕಳದ್ದೇ, ಅದಕ್ಕೇ ಅರ್ಧ ದಿನ ಹೋಗುತ್ತದೆ, ಹೋಗಲಿ. ಕಾಲು ಬೇರೆ ಮಾಡಿ ಅಂಟಿಸಿದರೆ ಉದುರುತ್ತವೆ. ಒಂದೇ ಮುದ್ದೆಯಿಂದ ಎಳೆದು ತೆಗೆದರೆ ನಿಲ್ಲುತ್ತವೆ. ಕುತ್ತಿಗೆಯೊಳಗೆ ಕಸಬರಿಗೆ ಕಡ್ಡಿಯ ತುಂಡು ಸೇರಿಸಿದರೆ ತಲೆ ಬೀಳುವುದಿಲ್ಲ. ಒಣಗಿಸುವುದು ನೆರಳಲ್ಲಿ, ಮೂರು–ನಾಲ್ಕು ದಿನ. ಈಗಲೂ ಒಂದೆರಡು ಸೀಳುತ್ತವೆ. ಸೀಳಿದ ಎತ್ತಿಗೆ ಮಕ್ಕಳು ಔಷಧ ಹಚ್ಚುವ ಆಟ ಆಡುತ್ತಾರೆ.

ವರ್ಷವಿಡೀ ಮಣ್ಣು ಕಲಸಲು ಆಗುವುದಿಲ್ಲ. ಅದಕ್ಕೆ ಮೈದಾ ಹಿಟ್ಟು. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಎರಡು ಚಮಚ ಎಣ್ಣೆ, ಮುಕ್ಕಾಲು ಬಟ್ಟಲು ನೀರು ಹಾಕಿ ಕಲಸಿದರೆ ಎರಡು ದಿನ ಆಟಕ್ಕೆ ಬರುತ್ತದೆ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಎಳೆದುಕೊಂಡು ಹಿಟ್ಟು ಕೈಗೆ ಅಂಟುತ್ತದೆ. ಆಗ ಅದೇ ಅಳತೆಗೆ ಮುಕ್ಕಾಲು ಬಟ್ಟಲಿನ ಬದಲು ಎರಡು ಬಟ್ಟಲು ನೀರು, ಅರ್ಧ ಲಿಂಬೆಹಣ್ಣಿನ ರಸ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತೇನೆ. ಬಾಣಲೆಯ ತಳ ಬಿಟ್ಟು ಮುದ್ದೆಯಾದಾಗ ಇಳಿಸಿ, ಆರಿದ ಮೇಲೆ ನಾದುತ್ತೇನೆ. ಡಬ್ಬಿ ಗಟ್ಟಿ ಮುಚ್ಚಿಟ್ಟರೆ ವಾರಕ್ಕೂ ಜಾಸ್ತಿ ಬರುತ್ತದೆ. ರಾಗಿ ಹಿಟ್ಟಿನಲ್ಲೂ ನೋಡಿದೆ. ಅದಕ್ಕೆ ಜಿಗುಟು ಇಲ್ಲ, ಎಳೆದರೆ ತುಂಡಾಗುತ್ತದೆ. ಒಂದು ಎಚ್ಚರ: ಇದರಲ್ಲಿ ಉಪ್ಪು ವಿಪರೀತ. ಮಗು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ನಾಯಿ ತಿಂದರೂ ಕೆಟ್ಟದ್ದೇ.

ಬಣ್ಣಕ್ಕೆ ಬೀಟ್‌ರೂಟ್ ಹಾಕಿದರೆ ಒಲೆಯ ಮೇಲೆ ಕಂದಾಗುತ್ತದೆ. ಅರಿಶಿನ ಮೋಸ ಮಾಡುವುದಿಲ್ಲ. ಮಾಡುವುದಿಲ್ಲ ಅಂದುಕೊಂಡಿದ್ದೆ! ಒಂದು ದಿನ ಹಳದಿ ಹಿಟ್ಟು ಆಡಿದ ಮೇಲೆ ಮಕ್ಕಳನ್ನು ಕೈ ತೊಳೆಯಲು ಕಳಿಸಿದೆ. ಸೋಪು ಹಚ್ಚಿದ ಕೂಡಲೇ ಒಬ್ಬಳ ಅಂಗೈ ಕೆಂಪಗಾಯಿತು. ‘ರಕ್ತಾ!’ ಅಂತ ಚೀರಿದಳು. ಅವಳನ್ನು ನೋಡಿ ಉಳಿದವರೂ ತಮ್ಮ ಕೈ ನೋಡಿಕೊಂಡು ಶುರು ಮಾಡಿದರು. ಬಚ್ಚಲ ಮುಂದೆ ಒಂಬತ್ತು ಮಕ್ಕಳ ಅಳು. ಆಯಾ ಬಂದವಳೇ ಲಿಂಬೆಹೋಳು ಅವಳ ಅಂಗೈಗೆ ಉಜ್ಜಿದಳು. ಕೆಂಪು ಹೋಗಿ ಹಳದಿ ಬಂತು. ಅಳು ನಿಂತುಹೋಯಿತು. ಮರುದಿನ ಎಲ್ಲರಿಗೂ ಅದೇ ಆಟ ಬೇಕು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕುಂಕುಮದ ಕೆಂಪು ಬರುತ್ತದೆ ಅಂತ ನಮಗೆಲ್ಲ ಗೊತ್ತೇ ಇದೆ. ಸೋಪು ಮಾಡುವುದೂ ಅದೇ ಕೆಲಸ, ಲಿಂಬೆಯ ಹುಳಿ ಅದನ್ನು ತಿರುಗಿಸುತ್ತದೆ. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಚರ್ಮ ಸುಡುತ್ತದೆ. ಆಯಾಳ ಎಲೆ ಅಡಿಕೆ ಚಂಚಿಯಿಂದ ಚಿಟಿಕೆ ತೆಗೆದು ನಾನೇ ಅರಿಶಿನದ ನೀರಿಗೆ ಹಾಕಿ ದೂರದಿಂದ ತೋರಿಸುತ್ತೇನೆ.

ಬಾಟಲಿ ಗಿಲಕಿಯ ಕಥೆ ಹೇಳಲು ನಾಚಿಕೆ. ಸಣ್ಣ ಪ್ಲಾಸ್ಟಿಕ್ ಬಾಟಲಿಗಳಿಗೆ ಕಡಲೆ, ರಾಗಿ, ಹರಳುಕಲ್ಲು ತುಂಬಿ, ಒಂದೇ ಸದ್ದಿನ ಜೋಡಿ ಹುಡುಕುವ ಆಟ ಇಟ್ಟಿದ್ದೆ. ಮುಚ್ಚಳವನ್ನು ಬರೀ ತಿರುಗಿಸಿಟ್ಟಿದ್ದೆ. ಒಬ್ಬ ತೆಗೆದು ಕಡಲೆಯನ್ನು ಮೂಗಿಗೆ ಏರಿಸಿಕೊಂಡ. ಮೂಗಿನ ತೇವಕ್ಕೆ ಕಾಳು ಉಬ್ಬುತ್ತದೆ, ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಮುಟ್ಟದೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರ್ ತೆಗೆದರು. ಅಂದಿನಿಂದ ಮುಚ್ಚಳಕ್ಕೆ ಅಂಟು ಹಾಕಿ, ಮೇಲೆ ಟೇಪು ಸುತ್ತಿ, ನಾನೇ ಒಮ್ಮೆ ಜಗ್ಗಿ ನೋಡಿದ ಮೇಲೆಯೇ ಕೊಡುವುದು. ಗುಲಗಂಜಿ ಚೆಂದ ಕಾಣುತ್ತದೆ ಅಂತ ಯಾರಾದರೂ ತಂದುಕೊಟ್ಟರೆ ಅಂಗನವಾಡಿಯ ಒಳಗೇ ತರಗೊಡುವುದಿಲ್ಲ. ಅದು ವಿಷ.

ಜೋಳದ ರಾಶಿ ಆದ ಮೇಲೆ ಕಣಿಕಿ ಬೇಕಾದಷ್ಟು. ದಂಟಿನ ಸಿಪ್ಪೆ ಸೀಳಿದರೆ ಸಿಬಿರು, ಒಳಗೆ ಮೆತ್ತನೆಯ ಬೆಂಡು. ಸಿಬಿರನ್ನು ಬೆಂಡಿಗೆ ಚುಚ್ಚಿದರೆ ಬಂಡಿ, ಬಗ್ಗಿಸಿ ಚುಚ್ಚಿದರೆ ಕನ್ನಡಕ. ಸಿಬಿರಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಸೀಳುವುದು, ಅಂಚು ಹೆರೆಯುವುದು ನನ್ನ ಪಾಲು. ಚುಚ್ಚುವುದು ಅವರ ಪಾಲು. ಬಂಡಿಗೆ ಮೂರೇ ಗಾಲಿ ಇರಲಿ, ನಾನು ಬಾಯಿ ಬಿಡುವುದಿಲ್ಲ. ತಪಾಸಣೆಗೆ ಬರುವವರಿಗೆ ಗೋಡೆ ತುಂಬ ಒಪ್ಪವಾದ ಸಾಮಾನು ಬೇಕು. ಅವರಿಗಾಗಿ ಬಾಗಿಲ ಮೇಲೊಂದು ತೋರಣ ಕಟ್ಟಿ ಬಿಟ್ಟಿದ್ದೇನೆ, ಅದು ನಾನೇ ಮಾಡಿದ್ದು.

ಮರುವರ್ಷ ಅಮಾವಾಸ್ಯೆಗೆ ಅದೇ ಹುಡುಗ ಮತ್ತೆ ಎತ್ತು ಮಾಡಿದ. ಮತ್ತೆ ಹಿಂದೆ ಎರಡು ಕೋಡು. ಈ ಸಲ ಕೈ ಹಿಂದೆ ಕಟ್ಟಿಕೊಂಡು ಕೇಳಿದೆ, ‘ಹಿಂದ ಯಾಕೋ ಕೋಡು?’

ಮಣ್ಣಿನ ಕೈಯಲ್ಲೇ ಮೂಗು ಒರೆಸಿಕೊಂಡು ಹೇಳಿದ, ‘ಹಿಂದಿಂದ ನಾಯಿ ಬಂದ್ರ ಹಾಯಾಕ್ರಿ.’